ಅರವತ್ತೊಂಬತ್ತು ಸರಪಳಿ

ಬಾದಾಮಿಯ ಗುಡ್ಡದ ಮೇಲೆ, ಹನ್ನೆರಡು ಗಂಟೆಯ ಬಿಸಿಲಿನಲ್ಲಿ, ನನ್ನ ಎಡಗೈಗೆ ಕಟ್ಟಿಕೊಂಡಿದ್ದ ಜಿಪಿಎಸ್ ಯಂತ್ರದ ಬಾಣ ನೇರವಾಗಿ ಗಾಳಿಯನ್ನು ತೋರಿಸುತ್ತಿತ್ತು. ನನ್ನ ಮುಂದೆ ಮೂರು ಮಾರಿನಷ್ಟು ಬಂಡೆಯಿತ್ತು, ಅದು ಮುಗಿದಲ್ಲಿ ಕಡಿದಾದ ಅಂಚು, ಅಂಚಿನ ಕೆಳಗೆ ಕೊಳ್ಳ. ನಾವು ಹುಡುಕುತ್ತಿದ್ದ ಚಿತ್ರಗಳ ಕಲ್ಲಾಸರೆ ಅದೇ ದಿಕ್ಕಿನಲ್ಲಿ ಇನ್ನು 140 ಮೀಟರು ಮಾತ್ರ ದೂರವಿದೆಯೆಂದು ಪರದೆ ಹೇಳುತ್ತಿತ್ತು. ಹಕ್ಕಿಗಾದರೆ ಅದು ಸರಿಯಾದ ದಾರಿಯೇ.

ಆ ಯಂತ್ರ ನನಗೆ ಬಂದದ್ದು ಸೈನ್ಯದಲ್ಲಿರುವ ಸೋದರಳಿಯನಿಂದ. ಗಾರ್ಮಿನ್ ಫೋರ್‌ಟ್ರೆಕ್ಸ್ 401 ಎಂಬ ಹಳೆಯ ಮಾದರಿ. ಕೈಗಡಿಯಾರವೆಂದು ಕರೆಯಲಾರದಷ್ಟು ಅಗಲ, ಆದರೆ ಸೆಲ್ಲು ಸೇರಿ ತೂಗಿದರೂ ತೊಂಬತ್ತು ಗ್ರಾಂ ದಾಟುವುದಿಲ್ಲ. ಟಿವಿಯ ರಿಮೋಟಿಗೆ ಹಾಕುವ ಸಣ್ಣ ಸೆಲ್ಲುಗಳು ಎರಡಿದ್ದರೆ ಸುಮಾರು 17 ತಾಸು ನಡೆಯುತ್ತದೆ. ಪರದೆ ಕಪ್ಪು ಬಿಳುಪಿನದು. ಬಿಸಿಲು ಹೆಚ್ಚಿದಷ್ಟೂ ಅಕ್ಷರ ಸ್ಪಷ್ಟವಾಗುವುದು ಅದರ ದೊಡ್ಡ ಗುಣ. ಅದರಲ್ಲಿ ನಕಾಶೆ ಇಲ್ಲ. ನೀವು ಎಲ್ಲಿದ್ದೀರಿ, ಎಲ್ಲಿಂದ ಬಂದಿರಿ, ಗುರುತು ಮಾಡಿಟ್ಟ ಜಾಗ ಯಾವ ದಿಕ್ಕಿನಲ್ಲಿ ಎಷ್ಟು ದೂರ, ಇಷ್ಟನ್ನೇ ಅದು ಹೇಳುತ್ತದೆ. 500 ಗುರುತುಗಳನ್ನೂ, ನಡೆದ ದಾರಿಯ 10,000 ಬಿಂದುಗಳನ್ನೂ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಎರಡೂ ಕೈಗಳನ್ನು ಬಂಡೆ ಹಿಡಿಯಲು ಬಿಡುತ್ತದೆ ಎಂಬುದು ಗುಡ್ಡ ಹತ್ತುವವರಿಗಷ್ಟೇ ಗೊತ್ತಾಗುವ ಅನುಕೂಲ. ಬಾದಾಮಿಯಲ್ಲಂತೂ ಇನ್ನೊಂದು ಲಾಭವಿದೆ: ಕೈಯಲ್ಲಿ ಹಿಡಿದ ಏನನ್ನಾದರೂ ಕಸಿಯಲು ಕಾದು ಕುಳಿತಿರುವ ಅಲ್ಲಿನ ಮಂಗಗಳಿಗೆ, ಮಣಿಕಟ್ಟಿಗೆ ಬಿಗಿದ ಪಟ್ಟಿಯನ್ನು ಬಿಚ್ಚುವ ವಿದ್ಯೆ ಇನ್ನೂ ಬಂದಿಲ್ಲ.

ನನ್ನ ಜೊತೆಗೆ ಬಂದಿದ್ದವರು ಕಾಕಾ, ನಮ್ಮ ತಂದೆಯ ತಮ್ಮ. ಮೋಜಣಿದಾರರಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಹೊಲಗಳ ಮೇಲೆ ಸರಪಳಿ ಎಳೆಸಿದವರು, ಈಗ ಎಪ್ಪತ್ತೊಂದು. 33 ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ, ಸರಪಳಿ ಉದ್ದ ಸರಪಳಿ ಅಗಲವಾದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಈ ಲೆಕ್ಕ ಅವರ ಉಸಿರಿನಲ್ಲಿದೆ. ನಾನು ಗುಳೇದಗುಡ್ಡದ ಕಡೆ ಹೈಸ್ಕೂಲಿನಲ್ಲಿ ಭೂಗೋಲ ಕಲಿಸಿ ನಿವೃತ್ತನಾದವನು. ಹೀಗಾಗಿ ನಡೆದ ತಪ್ಪು ನನಗೆ ಶೋಭಿಸುವಂಥದ್ದಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಸಂಕ್ರಮಣ ಮುಗಿದ ವಾರ ಅದು. ಬನಶಂಕರಿ ಜಾತ್ರೆಯ ಗದ್ದಲ ಊರೊಳಗೂ ಹಬ್ಬಿತ್ತು; ನಾಟಕ ಕಂಪನಿಗಳ ಮೈಕಿನ ಸದ್ದು ತಲೆಯಲ್ಲಿ ಉಳಿದಿರುವಾಗಲೇ ನಾವು ಬೆಳಿಗ್ಗೆ ಏಳಕ್ಕೆ ಗುಡ್ಡಕ್ಕೆ ಕಾಲಿಟ್ಟೆವು. ಹೊರಡುವ ಮುನ್ನ ಯಂತ್ರವನ್ನು ತೆರೆದ ಜಾಗದಲ್ಲಿ ಹಿಡಿದು ಕಾಯಬೇಕಾಯಿತು. ತಿಂಗಳುಗಟ್ಟಲೆ ಕಪಾಟಿನಲ್ಲಿದ್ದದ್ದು, ಆಕಾಶದಲ್ಲಿ ಯಾವ ಉಪಗ್ರಹ ಎಲ್ಲಿದೆ ಎಂಬುದನ್ನು ಮರೆತಿರುತ್ತದೆ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಆ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ದನಿ ಕೇಳಿದ ಮೇಲಷ್ಟೇ ಅದು ಎತ್ತರ ಸಮೇತ ಜಾಗ ಹೇಳಬಲ್ಲದು. ಮೂರು ಜಾಗಕ್ಕೆ, ನಾಲ್ಕನೆಯದು ಯಂತ್ರದೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದುವುದಕ್ಕೆ. ಇದಕ್ಕೆ ಮೊಬೈಲಿನ ಟವರು ಬೇಕಿಲ್ಲ. ‘ಗುಡ್ಡದಾಗ ನೆಟ್‌ವರ್ಕ್ ಇಲ್ಲ, ಇದ ಹೆಂಗ ನಡೀತದ?’ ಎಂದು ಕೇಳದವರೇ ಇಲ್ಲ. ಇದು ಕೇಳಿಸಿಕೊಳ್ಳುವ ಯಂತ್ರವೇ ಹೊರತು ಮಾತಾಡುವ ಯಂತ್ರವಲ್ಲ, ಮನೆಯ ರೇಡಿಯೋ ಇದ್ದ ಹಾಗೆ ಎಂದು ನಾನು ಪ್ರತಿಸಲ ಹೇಳುತ್ತೇನೆ.

ಹೊಸ ಸೆಲ್ಲು ಹಾಕಿದ ಮೇಲೆ ಅದರ ದಿಕ್ಸೂಚಿಯನ್ನೂ ಸರಿಪಡಿಸಿಕೊಳ್ಳಬೇಕು. ಅಂಗೈಯನ್ನು ತಟ್ಟೆಯಂತೆ ಸಮತಟ್ಟಾಗಿ ಹಿಡಿದು, ನಿಂತಲ್ಲೇ ನಿಧಾನವಾಗಿ ಎರಡು ಸುತ್ತು ತಿರುಗುವುದು ಅದರ ಕ್ರಮ. ಅವಸರ ಮಾಡಿದರೆ ‘ತುಂಬ ವೇಗವಾಯಿತು’ ಎಂದು ಅದು ಗದರಿಸುತ್ತದೆ. ಬಂಡೆಯ ಮೇಲೆ ನಾನು ಹೀಗೆ ಮೆಲ್ಲಗೆ ತಿರುಗುತ್ತಿದ್ದಾಗ ಆಡು ಹೊಡೆದುಕೊಂಡು ಬಂದ ಕುರಿಗಾಹಿಯೊಬ್ಬ ಕೋಲಿನ ಮೇಲೆ ಗದ್ದವೂರಿ, ಎರಡೂ ಸುತ್ತು ಮುಗಿಯುವ ತನಕ ನಿಂತು ನೋಡಿದ. ಕಾಕಾನ ಕಡೆ ತಿರುಗಿ ‘ಇವರಿಗೆ ಮೈಯಾಗ ಆರಾಮ ಐತಿಲ್ರಿ?’ ಎಂದು ಕೇಳಿದ.

ಸಿಡಿಲಫಡಿಯವರೆಗೆ ದಾರಿ ನನಗೆ ಗೊತ್ತಿತ್ತು. ಐಹೊಳೆಯ ರಾವಣಫಡಿಯಲ್ಲಿ ಬರುವ ಫಡಿಯೇ ಇದು, ಕಲ್ಲಿನ ಆಸರೆ. ಎರಡು ಬಂಡೆಗಳ ನಡುವೆ ಕಮಾನಿನಂತೆ ಬಾಗಿದ ಮರಳುಗಲ್ಲು, ಸಿಡಿಲು ಬಡಿದದ್ದರಿಂದ ಆ ಹೆಸರು ಬಂತೆಂದು ಊರಿನವರು ಹೇಳುತ್ತಾರೆ, ಗೋಡೆಯ ಮೇಲೆ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಅಲ್ಲಿ ಒಂದು ಗುರುತು ಒತ್ತಿಕೊಂಡು ಮುಂದಕ್ಕೆ ಹೊರಟದ್ದು ಇನ್ನೊಂದು ಸಣ್ಣ ಆಸರೆಯ ಸಲುವಾಗಿ. ಪುರಾತತ್ವ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಕಂಡು, ಅದರ ಅಕ್ಷಾಂಶ ರೇಖಾಂಶಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಹಿಂದಿನ ರಾತ್ರಿ ಊಟವಾದ ಮೇಲೆ ಕುಳಿತು ಆ ಅಂಕಿಗಳನ್ನು ಯಂತ್ರಕ್ಕೆ ತುಂಬಿದ್ದೆ. ಅಕ್ಷರಗಳ ಫಲಕವಿಲ್ಲದ ಯಂತ್ರವಾದ್ದರಿಂದ ಒಂದೊಂದು ಅಂಕಿಯನ್ನೂ ಮೇಲಿನ ಗುಂಡಿ, ಕೆಳಗಿನ ಗುಂಡಿ ಒತ್ತಿ ಸೊನ್ನೆಯಿಂದ ಒಂಬತ್ತರವರೆಗೆ ಏರಿಸಬೇಕು. ನಾಲ್ಕಕ್ಕೆ ನಾಲ್ಕು ಸಲ, ಎಂಟಕ್ಕೆ ಎಂಟು ಸಲ. ಎಲ್ಲ ಅಂಕಿಗಳೂ ತಮ್ಮ ತಮ್ಮ ಮನೆಯಲ್ಲಿ ಸರಿಯಾಗಿ ಕುಳಿತವು ಎಂದು ಸಮಾಧಾನದಿಂದ ಮಲಗಿದ್ದೆ.

ಕೊಳ್ಳದ ಅಂಚಿನಲ್ಲಿ ನಿಂತಾಗ ಆ ಸಮಾಧಾನ ಇನ್ನೂ ಕೆಟ್ಟಿರಲಿಲ್ಲ. ಬಾಣ ತೋರಿಸುವುದು ನೇರ ಗೆರೆಯನ್ನು, ಕಾಲಿಗೆ ಬೇಕಾದದ್ದು ದಾರಿ. ಇವೆರಡೂ ಬೇರೆ ಎಂಬುದನ್ನು ಬಲ್ಲೆ. ಆದ್ದರಿಂದ ಅಂಚಿನ ಉದ್ದಕ್ಕೂ ಬಹಳ ದೂರ ನಡೆದು, ನೀರು ಕೊರೆದ ಒಂದು ಇಳಿಜಾರು ಹುಡುಕಿ, ಸೀತಾಫಲದ ಗಿಡಗಳನ್ನು ಹಿಡಿದು ಕೆಳಗಿಳಿದೆವು. ಕಾಕಾ ಇಳಿದದ್ದು ನನಗಿಂತ ಚೆನ್ನಾಗಿ.

ಕೊಳ್ಳದೊಳಗೆ ಯಂತ್ರದ ನಡತೆಯೇ ಬದಲಾಯಿತು. ಮೇಲೆ ನಾಲ್ಕು ಮೀಟರು ಆಚೀಚೆ ಎಂದು ತೋರಿಸುತ್ತಿದ್ದದ್ದು ಇಲ್ಲಿ ಇಪ್ಪತ್ತು ದಾಟಿತು. ಎರಡೂ ಕಡೆ ಎದ್ದು ನಿಂತ ಕೆಂಪು ಗೋಡೆಗಳು ಆಕಾಶವನ್ನು ಒಂದು ಪಟ್ಟಿಯಷ್ಟು ಮಾತ್ರ ಬಿಟ್ಟಿದ್ದವು. ನೇರವಾಗಿ ಬರಬೇಕಾದ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವಾಗ ಹೆಚ್ಚು ದೂರ ನಡೆದಿರುತ್ತದೆ, ಆ ಹೆಚ್ಚಿನ ದೂರವನ್ನೂ ಯಂತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಬಾವಿಯಲ್ಲಿ ಕೂಗಿದವನ ದನಿ ಯಾವ ಕಡೆಯಿಂದ ಬಂತೆಂದು ತಿಳಿಯದ ಹಾಗೆ. ಒಂದು ಕಲ್ಲಿನ ಮೇಲೆ ಹತ್ತು ನಿಮಿಷ ಅಲುಗದೆ ಕುಳಿತಿದ್ದೆವು. ಅಷ್ಟರಲ್ಲಿ ಅದು ನಾವು ಕೊಳ್ಳದ ತುಂಬ ಓಡಾಡಿದೆವೆಂದು ನೂಲಿನ ಸಿಕ್ಕಿನಂತೆ ಗೆರೆ ಎಳೆದಿತ್ತು.

ಆದರೂ ಜಾಗವೇನೋ ಸಿಕ್ಕಿತು. ದೂರ ಸೊನ್ನೆಗೆ ಬಂದು ನಿಂತಲ್ಲಿ ಇದ್ದದ್ದು ಒಣಗಿದ ಜವುಗು, ಮುಳ್ಳು, ಉರುಳಿಬಿದ್ದ ಗುಂಡುಗಳು. ಸುತ್ತ ಐವತ್ತು ಹೆಜ್ಜೆ ಹುಡುಕಿದರೂ ಆಸರೆಯೆನ್ನುವಂಥ ಒಂದು ಕಲ್ಲೂ ಇರಲಿಲ್ಲ. ನಮ್ಮನ್ನು ಮೇಲಿನಿಂದ ಕಂಡ ಅದೇ ಕುರಿಗಾಹಿ ಕೂಗಿ ಹೇಳಿದ: ‘ಅಲ್ಲೇನೈತ್ರಿ ಮಾಸ್ತರ್ರ, ಮಳಿಗಾಲದಾಗ ನೀರ ಬೀಳ್ತಾವ, ಈಗ ಬರೇ ಕಲ್ಲ.’

ನನಗೆ ಮೊದಲು ಹೊಳೆದದ್ದು ವಿದ್ಯಾರ್ಥಿ ಹಳೆಯ ನಕಾಶೆಯಿಂದ ಅಂಕಿ ತೆಗೆದಿರಬಹುದೆಂದು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು 1830ರಲ್ಲಿ ಜಾರ್ಜ್ ಎವರೆಸ್ಟ್ ಹಾಕಿದ ಲೆಕ್ಕದ ಭೂಮಿಯ ಆಕಾರವನ್ನು ಆಧರಿಸಿದವು. ಜಿಪಿಎಸ್‌ನದು ಡಬ್ಲ್ಯುಜಿಎಸ್ 84 ಎಂಬ ಬೇರೆ ಲೆಕ್ಕ. ಅದೇ ಬಂಡೆಗೆ ಎರಡರಲ್ಲೂ ಬೇರೆ ಬೇರೆ ಅಂಕಿ ಬರುತ್ತದೆ, ನಮ್ಮ ಕಡೆ ನೂರು ಮೀಟರಿಗೂ ಮೀರಿ ವ್ಯತ್ಯಾಸವಾಗುತ್ತದೆ. ಇದನ್ನು ಕಾಕಾನಿಗೆ ಪಾಠದಂತೆ ವಿವರಿಸಿದೆ. ಅವರು ಪೂರ್ತಿ ಕೇಳಿಕೊಂಡರು. ಕೇಳಿಕೊಂಡು, ‘ನೂರ ಮೀಟರ ಅಂದರ ಹತ್ತ ಸರಪಳಿ. ಹತ್ತ ಸರಪಳಿ ಒಳಗ ಫಡಿ ಆಗೂವಂಥ ಕಲ್ಲ ಎಲ್ಲೈತಿ ತೋರಿಸು’ ಎಂದರು. ಇರಲಿಲ್ಲ. ‘ಹಂಗಾರ ತಪ್ಪ ಇದಕ್ಕಿಂತ ದೊಡ್ಡದೈತಿ. ಚೀಟಿ ಕೊಡಿಲ್ಲೆ.’

ಚೀಟಿಯನ್ನು ಅವರು ಮೊಣಕಾಲ ಮೇಲೆ ಹರವಿಕೊಂಡು ಉಗುರಿನಿಂದ ಒಂದು ಕಡೆ ಒತ್ತಿ ತೋರಿಸಿದರು. ಅಕ್ಷಾಂಶದ ಕೊನೆಯ 48ರ ತಲೆಯ ಮೇಲೆ ಎರಡು ಸಣ್ಣ ಗೀಟುಗಳಿದ್ದವು. ರೇಖಾಂಶದ 30ರ ಮೇಲೆಯೂ ಇದ್ದವು, ಅಲ್ಲಿ ಶಾಯಿ ಸ್ವಲ್ಪ ಹರಡಿತ್ತು. ‘ತಮ್ಮಾ, ಅರವತ್ತ ಸೆಕೆಂಡಿಗೆ ಒಂದ ಮಿನಿಟೋ, ನೂರಕ್ಕೊಂದೋ?’

ಅಷ್ಟು ಹೇಳಿದ್ದೇ ಸಾಕಾಯಿತು. ಗಾರ್ಮಿನ್ ಯಂತ್ರ ತಾನಾಗಿ ಕೇಳುವುದು ಡಿಗ್ರಿ, ಮಿನಿಟು ಮತ್ತು ಮಿನಿಟಿನ ದಶಮಾಂಶವನ್ನು. ಚೀಟಿಯಲ್ಲಿದ್ದದ್ದು ಡಿಗ್ರಿ, ಮಿನಿಟು, ಸೆಕೆಂಡು. ಮಿನಿಟಿನ ಮುಂದೆ ಚುಕ್ಕಿಯಿಟ್ಟು 480 ಎಂದು ತುಂಬಿದ್ದೆ. 48 ಸೆಕೆಂಡೆಂದರೆ ಮಿನಿಟಿನ ಹತ್ತರಲ್ಲಿ ಎಂಟು ಪಾಲು, ತುಂಬಬೇಕಾದದ್ದು 800. ಯಂತ್ರದ ಆಯ್ಕೆಗಳಿಗೆ ಹೋಗಿ ಅಂಕಿ ತೋರಿಸುವ ಬಗೆಯನ್ನು ಸೆಕೆಂಡಿಗೆ ಬದಲಿಸಿದೆ. ನಾನೇ ತುಂಬಿದ ಗುರುತು ಈಗ 48ರ ಬದಲು 28.8 ಸೆಕೆಂಡೆಂದೂ, 30ರ ಬದಲು 18 ಸೆಕೆಂಡೆಂದೂ ಮುಖ ತೋರಿಸಿತು. ಇದಕ್ಕಿಂತ ಸ್ಪಷ್ಟವಾದ ಜಬಾನಿ ಇನ್ನೇನು ಬೇಕು.

ಕಾಕಾ ಅಲ್ಲಿಯೇ ಲೆಕ್ಕ ಮಾಡಿದರು. ನಮ್ಮ ಅಕ್ಷಾಂಶದಲ್ಲಿ ಉತ್ತರ ದಕ್ಷಿಣಕ್ಕೆ ಒಂದು ಸೆಕೆಂಡೆಂದರೆ ಹತ್ತಿರ ಹತ್ತಿರ 31 ಮೀಟರು, ಪೂರ್ವ ಪಶ್ಚಿಮಕ್ಕೆ 30ಕ್ಕೆ ಸ್ವಲ್ಪ ಕಡಿಮೆ. ಉತ್ತರಕ್ಕೆ 590 ಮೀಟರು, ಪೂರ್ವಕ್ಕೆ 357. ಎರಡನ್ನೂ ಕಾಟಕೋನದ, ಅಂದರೆ ಲಂಬಕೋನದ, ಎರಡು ಬದಿಗಳಾಗಿ ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ, ಕರ್ಣಕ್ಕೆ 690 ಬರೆದು, ಅದರ ಪಕ್ಕದಲ್ಲಿ ತಮ್ಮ ಭಾಷೆಯಲ್ಲಿ ಅರವತ್ತೊಂಬತ್ತು ಸರಪಳಿ ಎಂದು ಬರೆದರು. ‘ನಮ್ಮ ಕಾಲದಾಗ ಅರ್ಧ ಆಣೆ ಹೆಚ್ಚುಕಡಿಮಿ ಆದರ ರೈತರು ಮೈಮ್ಯಾಲೆ ಬರತಿದ್ರು’ ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಸರಿಯಾದ ಅಂಕಿಯನ್ನು ಹೊಸ ಗುರುತಾಗಿ ತುಂಬಿದಾಗ ಬಾಣ ಹಿಂದಕ್ಕೆ ತಿರುಗಿತು, ಬೆಳಿಗ್ಗೆ ನಾವು ಬಂದ ಕಡೆಗೇ. ಕೊಳ್ಳದಿಂದ ಮೇಲೆ ಬರುವುದಕ್ಕೆ ಒಂದು ತಾಸು ಹಿಡಿಯಿತು. ಬಯಲಿಗೆ ಬಂದ ಮೇಲೆ ನಡೆದ ದಾರಿಯ ಪುಟವನ್ನು ತೆರೆದು ನೋಡಿದರೆ, ಬೆಳಗಿನ ಗೆರೆ ಹೊಸ ಗುರುತಿನ ಮಗ್ಗುಲಲ್ಲೇ ಹಾದುಹೋಗಿದೆ. ಹಾದುಹೋದದ್ದಲ್ಲದೆ ಒಂದು ಕಡೆ ಗಂಟಾಗಿ ನಿಂತಿದೆ. ಆ ಗಂಟು ಯಾವುದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹತ್ತೂವರೆಗೆ ಬುತ್ತಿ ಬಿಚ್ಚಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಚಟ್ನಿ ತಿಂದು ಮಜ್ಜಿಗೆ ಕುಡಿದ ನೆರಳು ಅದು.

ನಾವು ಬೆನ್ನು ಕೊಟ್ಟು ಕುಳಿತಿದ್ದ ಬಂಡೆಯ ಹಿಂದೆ, ಕಾರಿಗಿಡದ ಮರೆಯಲ್ಲಿ, ತಲೆ ಬಗ್ಗಿಸಿ ಹೋಗುವಷ್ಟು ಎತ್ತರದ ಬಾಯಿ ಇತ್ತು. ಅಲ್ಲಿಗೂ ಯಂತ್ರ ನಮ್ಮನ್ನು ಮುಟ್ಟಿಸಲಿಲ್ಲ. ಇನ್ನು ಐದು ಮೀಟರು ಎಂಬಲ್ಲಿ ಅದು ಬಾಣವನ್ನು ಅತ್ತಿತ್ತ ಆಡಿಸತೊಡಗಿತು, ಉಳಿದದ್ದು ಕಣ್ಣಿನ ಕೆಲಸ. ಒಳಗೆ, ಎದೆಯ ಮಟ್ಟದಲ್ಲಿ, ಕೆಂಪು ಬಣ್ಣದಲ್ಲಿ ಒಂದು ಪ್ರಾಣಿ. ಹಿಂಗಾಲು ಮಾಸಿದೆ. ಡುಬ್ಬ ಸ್ಪಷ್ಟವಾಗಿದೆ. ಕಾಕಾ ಟೋಪಿ ತೆಗೆದು ಬಹಳ ಹೊತ್ತು ನೋಡಿದರು, ಮುಟ್ಟಲಿಲ್ಲ. ಹೊರಗೆ ಆಡುಗಳ ಗಂಟೆಯ ಸದ್ದಾಯಿತು. ಕುರಿಗಾಹಿ ಬಗ್ಗಿ ಇಣುಕಿ ನೋಡಿದ: ‘ಇದನ್ನ ಹುಡುಕಾಕತ್ತಿದ್ರೇನ್ರಿ? ಆಕಳ ಕಲ್ಲು ಅಂತ ಕೇಳಿದ್ದರ ಮುಂಜಾನೇನ ತೋರಿಸತಿದ್ನೆಲ್ಲ!’

ಯಂತ್ರದಲ್ಲಿ ಸೂರ್ಯಾಸ್ತದ ವೇಳೆ ನೋಡಿದೆ. ಕೈಯಲ್ಲಿ ಎರಡು ತಾಸೂ ಉಳಿದಿರಲಿಲ್ಲ. ಬಂದ ದಾರಿಯಲ್ಲೇ ಮರಳಿ ಕರೆದೊಯ್ಯುವ ಸೌಲಭ್ಯವನ್ನು ಒತ್ತಿ, ಬೆಳಗಿನ ನಮ್ಮ ಹೆಜ್ಜೆಗಳ ಮೇಲೆಯೇ ಹೆಜ್ಜೆಯಿಟ್ಟು ನಡೆದೆವು. ಇಳಿಯುವಷ್ಟರಲ್ಲಿ ಮಬ್ಬಾಗಿತ್ತು, ಅಗಸ್ತ್ಯ ತೀರ್ಥದ ನೀರು ಕಪ್ಪಾಗಿ ಕಾಣುತ್ತಿತ್ತು.

ಚಹಾದಂಗಡಿಯಲ್ಲಿ ಕುಳಿತು, ಹಳೆಯ ತಪ್ಪು ಗುರುತನ್ನು ಅಳಿಸಲು ಹೊರಟೆ. ಕಾಕಾ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಿದ್ದವರು ಕೈ ಅಡ್ಡ ಹಿಡಿದರು. ಮೋಜಣಿಯ ವಹಿಯಲ್ಲಿ ತಪ್ಪು ಅಂಕಿಯನ್ನು ಕೆರೆದು ತೆಗೆಯುವ ಹಾಗಿಲ್ಲ, ಓದಲು ಬರುವಂತೆ ಒಂದು ಗೀಟು ಹೊಡೆದು ಮಗ್ಗುಲಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು ಎಂದರು. ಯಂತ್ರದಲ್ಲಿ ಗೀಟು ಹೊಡೆಯಲು ಬರುವುದಿಲ್ಲ. ಆದ್ದರಿಂದ ಎರಡು ಗುರುತುಗಳೂ ಈಗಲೂ ಅದರಲ್ಲಿವೆ, ಫಡಿ ಒಂದು, ಫಡಿ ಎರಡು ಎಂಬ ಹೆಸರಿನಲ್ಲಿ, ನಡುವೆ 690 ಮೀಟರು ಬಿಟ್ಟುಕೊಂಡು.