ಚಿಕ್ಕಪ್ಪನ ಪುಟ್ಟ ಸೈನ್ಯ ಮಾರಾಟಕ್ಕೆ

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಕೋಣೆಯಲ್ಲಿದ್ದ ಪುಟ್ಟ ಸೈನಿಕರನ್ನೆಲ್ಲ ಮಾರಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಅವರ ಮಗನಿಗೆ ಇದರಲ್ಲಿ ಆಸಕ್ತಿಯಿಲ್ಲ. ಚಿಕ್ಕಮ್ಮನ ಬಾಯಲ್ಲಿ ಅವೆಲ್ಲ ಮೊದಲಿನಿಂದಲೂ ಬರೀ ಗೊಂಬೆ. "ನಿಂಗೆ ಹೇಗೆ ಸರಿ ಅನಿಸುತ್ತೋ ಹಾಗೆ ಮಾಡಪ್ಪ. ತೂಕಕ್ಕೆ ಮಾತ್ರ ಹಾಕಬೇಡ" ಅಂದರು.

ಹೆಚ್ಚಿನವು ವಾರ್‌ಹ್ಯಾಮರ್ ಆಟದವು. ಇಬ್ಬರು ಒಂದೊಂದು ಸೈನ್ಯ ಕಟ್ಟಿಕೊಂಡು, ಅಳತೆ ಟೇಪು ಹಿಡಿದು, ದಾಳ ಉರುಳಿಸುತ್ತಾ ಮೇಜಿನ ಮೇಲೆ ಆಡುವ ಯುದ್ಧದಾಟ ಅದು. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇದನ್ನು 1983ರಲ್ಲಿ ತಂದಿತು. 1987ರಲ್ಲಿ ಬಾಹ್ಯಾಕಾಶದಲ್ಲಿ ನಡೆಯುವ ವಾರ್‌ಹ್ಯಾಮರ್ 40,000 ಬಂತು. ಸೈನಿಕರು ಬಣ್ಣವಿಲ್ಲದೆ, ಎಷ್ಟೋ ಸಲ ಕೈ ಬೇರೆ ತಲೆ ಬೇರೆಯಾಗಿ ಬರುತ್ತಾರೆ. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚುವುದು ಕೊಂಡವರ ಕೆಲಸ. ಆಡೋದಕ್ಕಿಂತ ಬಣ್ಣ ಹಚ್ಚೋದರಲ್ಲೇ ಕಾಲ ಕಳೆಯುವವರು ಈ ಹವ್ಯಾಸದಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಿಕ್ಕಪ್ಪ ಆ ಪೈಕಿ.

ಮೊದಲ ತಲೆನೋವು ಯಾವುದು ಏನು ಅಂತ ಗುರುತು ಹಿಡಿಯೋದು. ಹಳೆಯ ಲೋಹದ ಸೈನಿಕರ ಕಾಲ ಕೆಳಗೆ ಒಂದು ತೆಳ್ಳನೆ ಪಟ್ಟಿ ಇರುತ್ತದೆ. ಅದನ್ನು ಪ್ಲಾಸ್ಟಿಕ್ ಬೇಸಿನ, ಅಂದರೆ ಸೈನಿಕ ನಿಲ್ಲುವ ಪುಟ್ಟ ಪೀಠದ, ಸೀಳಿನಲ್ಲಿ ಕೂರಿಸುತ್ತಾರೆ. ಆ ಪಟ್ಟಿಯ ಮೇಲೆ ಕಂಪನಿಯ ಹೆಸರು, ಎಷ್ಟೋ ಸಲ ಇಸವಿ, ಕೆಲವೊಮ್ಮೆ ಆ ಸೈನಿಕನ ಹೆಸರೂ ಇರುತ್ತದೆ. ತೊಂದರೆ ಏನಂದರೆ, ಬೇಸಿಗೆ ಅಂಟಿಸಿ ಮೇಲೆ ಮರಳು ಉದುರಿಸಿದ ಮೇಲೆ ಅದು ಕಾಣೋದಿಲ್ಲ. ಹಾಗಾಗಿ ಹಳೆಯ ಕ್ಯಾಟಲಾಗಿನ ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ಹೋಲಿಸಿದೆ. ಕೈಯಲ್ಲಿ ಹಿಡಿದರೂ ಸ್ವಲ್ಪ ಗೊತ್ತಾಗುತ್ತದೆ. ಲೋಹದ್ದು ಭಾರ, ಮುಟ್ಟಿದರೆ ತಣ್ಣಗೆ. ಪ್ಲಾಸ್ಟಿಕ್ ಹಗುರ. 2011ರಲ್ಲಿ ಲೋಹದ ಬದಲಿಗೆ ಬಂದ ರೆಸಿನ್ (ಅಚ್ಚಿಗೆ ಹೊಯ್ದರೆ ಗಟ್ಟಿಯಾಗುವ ರಾಳ) ಇನ್ನೂ ಬೇರೆ. ಕತ್ತಿಯ ತುದಿ ಸೊಟ್ಟಗಾಗಿರುತ್ತದೆ, ಅಲ್ಲಲ್ಲಿ ಗಾಳಿಗುಳ್ಳೆಯ ತೂತು.

ತೀರಾ ಹಳೆಯವುಗಳಲ್ಲಿ ಸೀಸ ಇರುತ್ತದೆ. 1990ರ ದಶಕದಲ್ಲಿ ಕಂಪನಿ ಸೀಸವಿಲ್ಲದ ಮಿಶ್ರಲೋಹಕ್ಕೆ ಬದಲಾಯಿತು. ಸೀಸದ್ದನ್ನು ಮರದ ಬೀರುವಿನಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ಮರದಿಂದ ಹೊರಡುವ ಆಮ್ಲದ ಆವಿ ತಾಗಿ ಬಿಳಿ ಪುಡಿ ಏಳುತ್ತದೆ. ಓಕ್ ಮರ ಈ ವಿಷಯದಲ್ಲಿ ತುಂಬಾ ಕೆಟ್ಟದ್ದು. ಒಮ್ಮೆ ಹಿಡಿದರೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಚಿಕ್ಕಪ್ಪ ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಇಟ್ಟಿದ್ದರಿಂದ ಬಚಾವ್. ಆದರೂ ಮುಟ್ಟಿದಾಗೆಲ್ಲ ಕೈ ತೊಳೆದುಕೊಳ್ಳುತ್ತಿದ್ದೆ.

ಬೆಲೆ ಗೊತ್ತು ಮಾಡುವಾಗ ಮಾರುವವರು ಕೇಳುವ ಬೆಲೆಯನ್ನು ನೋಡಲೇಬಾರದು. ಕೇಳೋಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ನಿಜವಾಗಿ ಮಾರಿಹೋದ ಬೆಲೆಗಳನ್ನು ನೋಡುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಹೊಟ್ಟೆ ಉರಿಸತೊಡಗಿತು. ಚಿಕ್ಕಪ್ಪ ಕೈ ಹಾಕದೇ ಬಿಟ್ಟಿದ್ದಕ್ಕೇ ಬೆಲೆ ಜಾಸ್ತಿ! ಸೀಲು ಒಡೆಯದ ಪೆಟ್ಟಿಗೆಗೆ ಎಲ್ಲಕ್ಕಿಂತ ಮೇಲಿನ ಬೆಲೆ. ಪೆಟ್ಟಿಗೆ ಒಡೆದಿದ್ದರೂ ಬಿಡಿಭಾಗಗಳು ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ಇದ್ದರೆ ಅದರ ನಂತರದ್ದು. ಅಂಟಿಸಿದ್ದರೆ ಇಳಿಯಿತು. ಬಣ್ಣ ಹಚ್ಚಿದ್ದರೆ, ಹೆಸರು ಮಾಡಿದ ಕಲಾವಿದರು ಹಚ್ಚಿದ್ದು ಬಿಟ್ಟರೆ, ಇನ್ನೂ ಇಳಿಯಿತು.

ಅಂದರೆ ರಾತ್ರಿ ಊಟ ಆದ ಮೇಲೆ ಭೂತಗನ್ನಡಿ ಹಾಕಿಕೊಂಡು, ಎರಡೇ ಎರಡು ಕೂದಲಿನ ಬ್ರಶ್ಶಿನಲ್ಲಿ ಅವರು ಒಬ್ಬೊಬ್ಬ ಸೈನಿಕನ ಗುಂಡಿ, ಬಕಲ್ಲು ತಿದ್ದಿದ್ದು ಮಾರುಕಟ್ಟೆಯ ಲೆಕ್ಕದಲ್ಲಿ ಸವಕಳಿ. ಸೋಮಾರಿತನದಿಂದ ಅಟ್ಟದ ಮೇಲೆ ಬಿಟ್ಟಿದ್ದು ಮಾತ್ರ ಬಂಡವಾಳ. ಇದು ಯಾವ ನ್ಯಾಯ ಅನ್ನಿಸಿತು. ಆದರೆ ಕೊಳ್ಳುವವರ ಕಡೆಯಿಂದ ನೋಡಿದರೆ ಸರಿಯೇ. ಅವರು ಕೊಳ್ಳುತ್ತಿರುವುದು ತಾವು ಕೂತು ಮಾಡಬೇಕೆಂದಿರುವ ಕೆಲಸವನ್ನು. ಅದನ್ನು ಬೇರೆಯವರು ಆಗಲೇ ಮಾಡಿ ಮುಗಿಸಿದ್ದರೆ ಅವರಿಗೆ ಉಳಿಯೋದೇನು?

ಕಾಲವೂ ನಮ್ಮ ಕಡೆಗಿತ್ತು. 2015ರಲ್ಲಿ ಕಂಪನಿ ಹಳೆಯ ವಾರ್‌ಹ್ಯಾಮರ್ ಲೋಕವನ್ನೇ ಮುಗಿಸಿ, ಚೌಕ ಬೇಸುಗಳ ಬದಲು ಗುಂಡು ಬೇಸಿನ ಹೊಸ ಆಟ ತಂದಿತ್ತು. 2024ರಲ್ಲಿ ಹಳೆಯ ಲೋಕವನ್ನು 'ದಿ ಓಲ್ಡ್ ವರ್ಲ್ಡ್' ಹೆಸರಿನಲ್ಲಿ ಮತ್ತೆ ಶುರು ಮಾಡಿತು. ಚೌಕ ಬೇಸಿನ ಸೈನ್ಯ ಹುಡುಕುವವರು ಮತ್ತೆ ಹುಟ್ಟಿಕೊಂಡರು. ಅದರ ಜೊತೆಗೇ ಕಂಪನಿ ಕೆಲವು ಹಳೆಯ ಸೈನಿಕರನ್ನು ಮತ್ತೆ ಎರಕ ಹೊಯ್ದು ಮಾರತೊಡಗಿತು. ಮೊದಲು ಅಪರೂಪ ಅನಿಸಿಕೊಂಡಿದ್ದ ಕೆಲವು ಹಾಗೆ ಅಪರೂಪ ಅಲ್ಲದೇ ಹೋದವು.

ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಿಡಿ ಅಂತ ಒಬ್ಬ ವ್ಯಾಪಾರಿ ಬೆನ್ನುಬಿದ್ದಿದ್ದರು. ಅದು ತಪ್ಪೇನಲ್ಲ, ಒಂದೇ ದಿನದಲ್ಲಿ ಕೋಣೆ ಖಾಲಿಯಾಗುತ್ತದೆ. ಆದರೆ ಅವರೂ ಬಿಡಿಸಿ ಮಾರಿ ಲಾಭ ನೋಡಬೇಕಲ್ಲ, ಆ ಲಾಭ ನಮ್ಮ ಬೆಲೆಯಿಂದಲೇ ಹೋಗಬೇಕು. ಸೀಲಾದ ಪೆಟ್ಟಿಗೆಗಳನ್ನು ಒಂದೊಂದಾಗಿ ಮಾರಿದೆ. ಬಣ್ಣ ಹಚ್ಚಿದ್ದನ್ನು ಪಡೆಪಡೆಯಾಗಿ ಕಟ್ಟಿದೆ. ಚಿಲ್ಲರೆ ಕೈ, ತಲೆ, ಕತ್ತಿ, ಗುರಾಣಿಗಳನ್ನು ಒಂದು ಡಬ್ಬಿ ಮಾಡಿದೆ. ಆಶ್ಚರ್ಯ ಅಂದರೆ ಆ ಡಬ್ಬಿಯೇ ಎಲ್ಲಕ್ಕಿಂತ ಬೇಗ ಹೋಯಿತು. ಮುರಿದ ಸೈನಿಕರಿರುವ ಮನೆಗಳು ಎಷ್ಟಿವೆಯೋ!

ಕೊನೆಗೆ ಉಳಿದಿದ್ದು ಕಲ್ಪನಾಲೋಕದ ಚೂಪುಗಿವಿಯ ಜನರಾದ ಎಲ್ಫ್‌ಗಳ ಸೈನ್ಯ. ಚಿಕ್ಕಪ್ಪನಿಗೆ ಬಲು ಇಷ್ಟವಾಗಿದ್ದದ್ದು, ಬಿಳಿ ಅಂಗಿ, ನೀಲಿ ನೆರಳು. ನೋಡಲು ಒಬ್ಬ ಹುಡುಗ ಬಂದ. ಒಂದೊಂದನ್ನೂ ಬೇಸಿನ ಅಂಚು ಹಿಡಿದೇ ಎತ್ತಿ ನೋಡಿದ, ಬಣ್ಣಕ್ಕೆ ಬೆರಳು ತಾಗಿಸಲಿಲ್ಲ. ಇವನಿಗೇ ಕೊಡಬೇಕು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

"ಸರ್, ಬೇಜಾರು ಮಾಡ್ಕೋಬೇಡಿ. ನಾನು ಇದರ ಬಣ್ಣ ತೆಗೀತೀನಿ" ಅಂದ.

"ಎಲ್ಲದರದ್ದೂ?"

"ಲೋಹದ್ದನ್ನೆಲ್ಲ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕೋದು. ನನ್ನ ಸೈನ್ಯ ಕೆಂಪು, ಅದಕ್ಕೆ."

ಕೊಡಲ್ಲ ಅನ್ನೋ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವನು ಶೆಲ್ಫಿನ ಮೂಲೆಯಲ್ಲಿದ್ದ ಗಾಜಿನ ಜಾಡಿ ತೋರಿಸಿ ನಕ್ಕ. "ಅಂಕಲ್ಲೂ ಅದನ್ನೇ ಮಾಡ್ತಿದ್ರಲ್ಲ ಸರ್." ಒಣಗಿ ತಳ ಹಿಡಿದ ಜಾಡಿಯಲ್ಲಿ ಅರ್ಧ ಬಣ್ಣ ಬಿಟ್ಟ ನಾಲ್ಕಾರು ಕುಳ್ಳ ಸೈನಿಕರು ಬಿದ್ದಿದ್ದರು. ಯಾರೋ ಹಚ್ಚಿದ್ದನ್ನು ತೆಗೆದು ತಮ್ಮ ಬಣ್ಣ ಹಚ್ಚಲು ಚಿಕ್ಕಪ್ಪನೇ ಹಾಕಿದ್ದವು. ಆ ಜಾಡಿ ಕಂಡ ಮೇಲೆ ನನಗೆ ವಾದ ಮಾಡಲು ಏನೂ ಉಳಿಯಲಿಲ್ಲ.

ಬಣ್ಣದ ಟಿಪ್ಪಣಿ ಪುಸ್ತಕವನ್ನೂ ಅವನೇ ಕೇಳಿದ. ಯಾವ ಬಿಳಿಗೆ ಎಷ್ಟು ಹನಿ ನೀಲಿ, ಯಾವುದು ಒಣಗಿದ ಮೇಲೆ ಯಾವುದು ಅಂತ ಚಿಕ್ಕಪ್ಪನ ಸಣ್ಣ ಅಕ್ಷರದಲ್ಲಿ ಬರೆದದ್ದು. ಅದನ್ನು ಮಾರಲಿಲ್ಲ, ಪುಟಗಳ ಫೋಟೊ ಕಳಿಸಿದೆ.

ಕಟ್ಟುವ ಕೆಲಸ ಬೇಗ ಮುಗಿಯಿತು. ಹತ್ತಿ ಬಳಸಬಾರದು, ಎಳೆ ಈಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದಕ್ಕೊಂದು ತಾಗದ ಹಾಗೆ ಫೋಮಿನಲ್ಲಿ ಗುಳಿ ಕೊರೆದು ಕೂರಿಸಿದರೆ ಸಾಕು. ಬಣ್ಣದ ಶೀಶೆಗಳು ಗಟ್ಟಿಯಾಗಿದ್ದವು, ಎಸೆದೆ.

ಕೆಲವು ತಿಂಗಳ ನಂತರ ಹುಡುಗ ಫೋಟೊ ಕಳಿಸಿದ. ಎಲ್ಫ್‌ಗಳು ಕೆಂಪಗಿದ್ದವು, ಚೆನ್ನಾಗೇ ಇದ್ದವು. ಚಿಕ್ಕಮ್ಮನಿಗೆ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಕಣ್ಣು ಸರಿಯಾಗಿ ಬಂದಿಲ್ಲ" ಅಂದರು. "ಮುಖ ಮುಗಿಸಿ ಆಮೇಲೆ ಕಣ್ಣಿಟ್ಟಿದ್ದಾನೆ, ಅದಕ್ಕೇ ದಪ್ಪ ಆಗಿದೆ. ಅವರು ಮೊದಲು ಕಣ್ಣು ಬರೀತಿದ್ರು. ಆಮೇಲೆ ಸುತ್ತ ಮೈಬಣ್ಣ ತಂದು ಸಣ್ಣ ಮಾಡ್ತಿದ್ರು."

ಅದನ್ನೂ ಆ ಹುಡುಗನಿಗೆ ಬರೆದು ಕಳಿಸಿದೆ.