ಮೊದಲು ಬೆಣೆ, ಆಮೇಲೆ ಹಗ್ಗ

ಬ್ರೇಕ್ ಒತ್ತಿದ ಮರುಕ್ಷಣವೇ ಬೆನ್ನ ಹಿಂದೆ ಹಲಗೆ ಸೀಳಿದ ಸದ್ದು ಕೇಳಿಸಿತು. ಜೂನ್ ತಿಂಗಳ ಒಂದು ಶುಕ್ರವಾರದ ಸಂಜೆ. ಜರ್ಮನಿಯ ಸ್ಟಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ, ಕಾನ್‌ಸ್ಟನ್ಸ್ ಸರೋವರದ ಕಡೆಗೆ ಹೋಗುವ ಎ-81 ಹೆದ್ದಾರಿಯಲ್ಲಿ ರಾಟ್‌ವೈಲ್ ಎಂಬ ಊರು ಹತ್ತಿರವಾಗುತ್ತಿತ್ತು. ತಿರುವು ಮುಗಿಯುತ್ತಲೇ ಎದುರಿಗೆ ನಿಂತ ವಾಹನಗಳ ಸಾಲು, ಮಿನುಗುವ ದೀಪಗಳು. ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗಲು ಅಣಿಗೊಳಿಸಿದ ನಮ್ಮ ವ್ಯಾನು ಸಕಾಲಕ್ಕೆ ನಿಂತಿತು. ಅದರೊಳಗಿದ್ದ ಸೈಕಲ್ಲುಗಳು ನಿಲ್ಲಲಿಲ್ಲ.

ಮುಂದಿನ ಮೂರು ಸೀಟುಗಳಲ್ಲಿ ನಾನು, ನಡುವೆ ಒಂಬತ್ತು ವರ್ಷದ ಮಗಳು, ಆಚೆ ಬದಿಗೆ ಹೆಂಡತಿ. ಯಾರಿಗೂ ಏನೂ ಆಗಲಿಲ್ಲ. ನೆಕಾರ್‌ಬುರ್ಗ್ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿ ಪಕ್ಕದ ಬಾಗಿಲು ಸರಿಸಿ ನೋಡಿದೆ. ಹಾಸಿಗೆಯ ಕೆಳಗೆ ಇಟ್ಟಿದ್ದ ನನ್ನ ಸೈಕಲ್ಲು ಮುಂದಿನ ತೆಳು ಪ್ಲೈವುಡ್ಡನ್ನು ಸೀಳಿಕೊಂಡು ಹೊರಬಂದು ಅಡುಗೆ ಕಪಾಟಿಗೆ ಗುದ್ದಿ ನಿಂತಿತ್ತು. ಬ್ರೇಕ್ ಹಿಡಿಕೆಯ ತುದಿ ಕಪಾಟಿನ ಬಾಗಿಲಿನಲ್ಲಿ ಹುಣಸೆ ಬೀಜದಷ್ಟು ಗುಳಿ ಮಾಡಿತ್ತು. ಆ ಕಪಾಟು ಅಲ್ಲಿ ಇರದಿದ್ದರೆ ಮುಂದೆ ಸಿಗುತ್ತಿದ್ದುದು ಮಗಳ ಸೀಟಿನ ಬೆನ್ನು. ಆ ಗುಳಿಯ ಮೇಲೆ ಬೆರಳಿಟ್ಟುಕೊಂಡು ನಾನು ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಹೆಂಡತಿ ಬಂದು, "ಏಳಿ, ಮೊದಲು ಇವನ್ನು ಸರಿಯಾಗಿ ಕಟ್ಟೋಣ, ನಾಳೆ ಮನೆಗೆ ಹಿಂತಿರುಗೋಣ" ಎಂದಳು. ಸರೋವರದ ಆಸೆಯನ್ನು ಅಲ್ಲಿಯೇ ಬಿಟ್ಟೆವು.

ಸೈಕಲ್ಲುಗಳನ್ನು ವ್ಯಾನಿನ ಒಳಗೆ ಇಡಲು ಹೊರಟದ್ದೇ ಸುರಕ್ಷತೆಗಾಗಿ. ಹಿಂದಿನ ಬೇಸಿಗೆಯಲ್ಲಿ ಅವು ಹಿಂಬಾಗಿಲಿಗೆ ಸಿಕ್ಕಿಸಿದ ಸ್ಟ್ಯಾಂಡಿನ ಮೇಲೆ ಹೊರಗೇ ಇರುತ್ತಿದ್ದವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೆಂಡತಿಯ ಸೈಕಲ್ಲು ಇರಲಿಲ್ಲ. ಕತ್ತರಿಸಿದ ಕೇಬಲ್ ಬೀಗ ನೆಲದ ಮೇಲೆ ಬಿದ್ದಿತ್ತು. ನಾವು ಅದಕ್ಕೆ ಮೂರು ಅಡಿ ದೂರದಲ್ಲೇ, ತಗಡಿನ ಈಚೆಗೆ, ಗಾಢ ನಿದ್ದೆಯಲ್ಲಿದ್ದೆವು. ಅಂದಿನಿಂದ ಸುರಕ್ಷತೆ ಎಂದರೆ ನನಗೆ ಕಳ್ಳನಿಂದ ಸುರಕ್ಷತೆ ಎಂಬ ಒಂದೇ ಅರ್ಥ. ಮಳೆ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಹಿಂದಿನ ಚಕ್ರ ಎರಚುವ ಕೆಸರು ಇವೆಲ್ಲ ಆಮೇಲಿನ ಮಾತು.

ವ್ಯಾನು 2014ರ ಫಿಯಟ್ ಡುಕಾಟೊ. ಮೊದಲು ಸರಕು ಸಾಗಿಸುತ್ತಿದ್ದ ಗಾಡಿ. ಒಟ್ಟು ಉದ್ದ 5.41 ಮೀಟರ್, ಸರಕಿನ ಭಾಗದ ಉದ್ದ 3.12 ಮೀಟರ್, ಒಳಗಿನ ಎತ್ತರ 1.93 ಮೀಟರ್. ಹೊರಗಿನಿಂದ ದೊಡ್ಡದಾಗಿ ಕಾಣುವ ಗಾಡಿ. ಒಳಗೆ ಹಾಸಿಗೆ, ಒಲೆ, ನೀರಿನ ಡಬ್ಬ, ಬಟ್ಟೆಯ ಗೂಡು ಸೇರಿದ ಮೇಲೆ ಅಂಗೈ ಅಗಲದ ಜಾಗಕ್ಕೂ ಲೆಕ್ಕ ಹಾಕಬೇಕು. ಮೂರು ಸೈಕಲ್ಲುಗಳಿಗೆ ಉಳಿದದ್ದು ಹಿಂಭಾಗದಲ್ಲಿ, ಅಡ್ಡಲಾಗಿ ಹಾಕಿದ ಹಾಸಿಗೆಯ ಕೆಳಗಿನ ಜಾಗ ಮಾತ್ರ. ಮುಂದಿನ ಚಕ್ರ ತೆಗೆದು, ಸೀಟು ಕಳಚಿ, ಮುಂಭಾಗವನ್ನು ತಗ್ಗಿಸಿದರೆ ಸುಮಾರು 80 ಸೆಂಟಿಮೀಟರ್ ಎತ್ತರದಲ್ಲಿ ಸೈಕಲ್ಲು ಮುಗಿಯುತ್ತದೆ. ಹಾಗಾಗಿ ಹಾಸಿಗೆಯ ಚೌಕಟ್ಟನ್ನು 88 ಸೆಂಟಿಮೀಟರಿಗೆ ನಿಲ್ಲಿಸಿದ್ದೆ. ಇನ್ನೂ ಎತ್ತರಿಸಿದ್ದರೆ ಹಾಸಿಗೆಯ ಮೇಲೆ ಎದ್ದು ಕೂರಲು ಆಗುತ್ತಿರಲಿಲ್ಲ.

ಇಷ್ಟೆಲ್ಲ ಅಳೆದವನು ಒಂದನ್ನು ಮಾತ್ರ ಯೋಚಿಸಿರಲಿಲ್ಲ. ಇಂಥ ಗಾಡಿಗಳಲ್ಲಿ ಚಾಲಕನ ಬೆನ್ನಿಗೂ ಸರಕಿಗೂ ನಡುವೆ ಕಂಪನಿಯೇ ಒಂದು ಕಬ್ಬಿಣದ ಗೋಡೆ ಇಟ್ಟಿರುತ್ತದೆ. ಮುಂದಿನಿಂದ ಹಿಂದಕ್ಕೆ ಓಡಾಡಲು ಅನುಕೂಲವಾಗಲಿ ಎಂದು ನಾನು ಅದನ್ನು ಬಿಚ್ಚಿ ತೆಗೆದಿದ್ದೆ. ಆ ಗೋಡೆ ಅಲ್ಲಿ ಏಕಿತ್ತು ಎಂಬುದು ತಿಳಿದದ್ದು ರಾಟ್‌ವೈಲ್ ಹತ್ತಿರ. ಸೈಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ, ನಡುವೆ ಹಳೆಯ ಕಂಬಳಿ ಸೇರಿಸಿ, ಕೊಕ್ಕೆಯಿರುವ ರಬ್ಬರ್ ಹಗ್ಗದಿಂದ ಬಿಗಿದಿದ್ದೆ. ದಪ್ಪ ಸರಪಳಿಯೊಂದನ್ನು ಮೂರರ ಚೌಕಟ್ಟಿನೊಳಗೂ ಹಾಯಿಸಿ ಬೀಗ ಹಾಕಿದ್ದೆ. ಕಳ್ಳ ಬಂದಿದ್ದರೆ ಬರಿಗೈಯಲ್ಲಿ ಹೋಗುತ್ತಿದ್ದ. ಆದರೆ ರಬ್ಬರ್ ಹಗ್ಗದ ಗುಣವೇ ಹಿಗ್ಗುವುದು.

ಜರ್ಮನಿಯ ರಸ್ತೆ ಸಂಚಾರ ನಿಯಮದ 22ನೆಯ ಕಲಂ ಇದನ್ನು ಬಿಡಿಸಿ ಹೇಳುತ್ತದೆ: ಪೂರ್ತಿ ಬ್ರೇಕ್ ಹಾಕಿದರೂ, ದಿಢೀರನೆ ಪಕ್ಕಕ್ಕೆ ತಿರುಗಿಸಿದರೂ ಸರಕು ಜಾರಬಾರದು, ಉರುಳಬಾರದು, ಬೀಳಬಾರದು. ಸರಕು ಕಟ್ಟುವವರು ಇಟ್ಟುಕೊಳ್ಳುವ ಲೆಕ್ಕವೂ ಇದೆ. ಮುಂದಕ್ಕೆ ನುಗ್ಗುವ ಬಲ ಸರಕಿನ ತೂಕದ ಶೇಕಡಾ 80ರಷ್ಟು. ಪಕ್ಕಕ್ಕೂ ಹಿಂದಕ್ಕೂ ಶೇಕಡಾ 50ರಷ್ಟು. ಇದು ಬರೀ ಬ್ರೇಕಿನ ಲೆಕ್ಕ. ಡಿಕ್ಕಿಯಾದರೆ ಅದು ತೂಕದ ಎಷ್ಟೋ ಪಟ್ಟು ಆಗುತ್ತದೆ. ನನ್ನ ಸೈಕಲ್ಲಿನ ತೂಕ 14 ಕಿಲೋ.

ಆಗ ಮಾವನವರು ನಮ್ಮ ಮನೆಯಲ್ಲಿದ್ದರು. ಮಗಳ ಮನೆಯಲ್ಲಿ ಮೂರು ತಿಂಗಳು ಇರಲೆಂದು ಅತ್ತೆಯವರೊಂದಿಗೆ ತಿಪಟೂರಿನಿಂದ ಬಂದಿದ್ದರು. ಮೂವತ್ತು ವರ್ಷ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿ, ಉತ್ತರ ಭಾರತಕ್ಕೆ ಹೋಗುವ ಉಂಡೆ ಕೊಬ್ಬರಿಯ ಲಾರಿಗಳನ್ನು ಎದುರಿಗೆ ನಿಂತು ತುಂಬಿಸಿದವರು. ಶನಿವಾರ ಮಧ್ಯಾಹ್ನ ನಾವು ಮರಳಿದಾಗ ಏಕೆಂದು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಬಂದು, ಸೀಳಿದ ಹಲಗೆಯನ್ನು ನೋಡಿ, ಬಗ್ಗಿ ರಬ್ಬರ್ ಹಗ್ಗವನ್ನು ಒಮ್ಮೆ ಎಳೆದು ಬಿಟ್ಟರು. ಅದು ಚಟ್ಟೆಂದಿತು.

"ಅಳಿಯಂದಿರೇ, ಇದು ಹಗ್ಗವಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹಗ್ಗವಾಗಿದ್ದರೂ ಸಾಲುತ್ತಿರಲಿಲ್ಲ. ಸರಕನ್ನು ಹಿಡಿಯುವುದು ಹಗ್ಗವಲ್ಲ. ಹೋಗಲು ಜಾಗವೇ ಇಲ್ಲದ ಹಾಗೆ ಸರಕನ್ನು ಕೂರಿಸಬೇಕು. ಮೊದಲು ಬೆಣೆ, ಆಮೇಲೆ ಹಗ್ಗ. ಮೂಟೆಗೂ ಮೂಟೆಗೂ ನಡುವೆ ಕೈ ತೂರುವಷ್ಟು ಸಂದಿ ಬಿಟ್ಟ ಲಾರಿ ಘಟ್ಟದಲ್ಲೇ ವಾಲುತ್ತದೆ" ಎಂದರು.

ಸರಕು ಭದ್ರಪಡಿಸುವ ಬಗ್ಗೆ ಇಲ್ಲಿನವರು ಬರೆದ ಕೈಪಿಡಿಯನ್ನು ಆ ರಾತ್ರಿ ಓದುತ್ತ ಕುಳಿತೆ. ಆಕಾರದಿಂದ ಹಿಡಿಯುವುದು, ಅಂದರೆ ಸಂದಿಯಿಲ್ಲದಂತೆ ಕೂರಿಸುವುದು; ಒತ್ತಡದಿಂದ ಹಿಡಿಯುವುದು, ಅಂದರೆ ಪಟ್ಟಿಯಿಂದ ಬಿಗಿದು ಒತ್ತಿಹಿಡಿಯುವುದು ಎಂದು ಎರಡು ಬಗೆ. ಸಾಧ್ಯವಿದ್ದಲ್ಲೆಲ್ಲ ಮೊದಲನೆಯದನ್ನೇ ಆರಿಸಿಕೊಳ್ಳಿ ಎಂದು ಅದರಲ್ಲಿತ್ತು. ಮಂಡಿಯ ಹಮಾಲರು ಬೆನ್ನಿನ ಮೇಲೆ ಮೂಟೆ ಹೊತ್ತು ಕಲಿತದ್ದೇ ಅಲ್ಲಿ ಚಿತ್ರಸಹಿತ ಅಚ್ಚಾಗಿತ್ತು. ಮಾವನವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಚಿತ್ರಗಳನ್ನು ಒಂದೊಂದಾಗಿ ನೋಡಿ, "ಸರಿಯಾಗಿ ಬರೆದಿದ್ದಾರೆ" ಎಂದರು.

ಮುಂದಿನ ಶನಿವಾರ ಇಡೀ ದಿನ ಆ ಕೆಲಸಕ್ಕೇ ಹೋಯಿತು. ನನ್ನ ಮನಸ್ಸಿನಲ್ಲಿದ್ದುದು ಡ್ರಾಯರಿನಂತೆ ಹೊರಗೆ ಎಳೆಯಬಹುದಾದ ಹಲಗೆ. ಇಂಥ ವ್ಯಾನುಗಳಲ್ಲಿ ಹಲವರು ಮಾಡಿಸಿಕೊಳ್ಳುತ್ತಾರೆ. ಹಿಂಬಾಗಿಲು ತೆರೆದು ಎಳೆದರೆ ಸೈಕಲ್ಲುಗಳು ತಾವಾಗಿಯೇ ಹೊರಬರುತ್ತವೆ. ಮಾವನವರು ಒಪ್ಪಲಿಲ್ಲ. "ಸೈಕಲ್ಲು ಅಲುಗಾಡದಿರಲಿ ಎಂದು ಅದನ್ನು ಅಲುಗಾಡುವ ಹಲಗೆಗೆ ಕಟ್ಟುತ್ತೀರಾ? ಆಮೇಲೆ ಆ ಹಲಗೆಯನ್ನು ಹಿಡಿಯುವವರು ಯಾರು?" ಒಳ್ಳೆಯ ಬೀಗವಿರುವ ಭಾರದ ಹಳಿಗಳು ಸಿಗುತ್ತವೆ, ನಿಜ. ಆದರೆ ಅವು ದುಬಾರಿ, ತೂಕವೂ ಹೆಚ್ಚು, ಕೆಟ್ಟುಹೋಗುವ ಭಾಗ ಮತ್ತೊಂದು ಸೇರಿದಂತೆ. ಮೂರು ಸಾಧಾರಣ ಸೈಕಲ್ಲುಗಳಿಗೆ ಅದು ಬೇಡವೆಂದು ನನಗೂ ಅನ್ನಿಸಿತು. ಇಂದಿಗೂ ಹಾಗೆಯೇ ಅನ್ನಿಸುತ್ತದೆ.

ಹಲಗೆ ಕದಲದಿದ್ದರೆ ಕೈ ಒಳಗೆ ತಲುಪುವುದು ಹೇಗೆ? ಉತ್ತರ ಹೊಳೆದದ್ದು ಮಗಳಿಗೆ. "ಸೈಕಲ್ಲನ್ನು ಹಿಂದುಮುಂದಾಗಿ ತಳ್ಳೋಣ ಅಪ್ಪಾ" ಎಂದಳು. ಹಿಂದಿನ ಚಕ್ರವನ್ನು ಮೊದಲು ಒಳಗೆ ನೂಕಿದರೆ, ಮುಂದಿನ ಚಕ್ರ ಕಳಚಿದ ಕವಲು ಹಿಂಬಾಗಿಲಿನ ಬಳಿಯೇ ಬಂದು ನಿಲ್ಲುತ್ತದೆ. ಅಲ್ಲಿಯೇ ಹಲಗೆಗೆ ಬೋಲ್ಟ್ ಮಾಡಿದ ಹಿಡಿಕಟ್ಟಿಗೆ ಅದನ್ನು ಸಿಕ್ಕಿಸಿ ಬಿಗಿಯಬಹುದು. ಮಾವನವರು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟರು. ಹಾಗೆ ಮಾಡಿದರೆ ವ್ಯಾನು ಮುಗ್ಗರಿಸಿದಾಗ ಮುಂದಕ್ಕೆ ನುಗ್ಗುವುದು ಹಿಂದಿನ ಚಕ್ರ, ಅಂದರೆ ರಬ್ಬರಿನ ದುಂಡು ಟೈರು. ಅದರ ಎದುರಿಗೆ ಮರದ ಬೆಣೆ ಕೊಟ್ಟರೆ ಅದಕ್ಕೆ ಹೋಗಲು ದಾರಿಯೇ ಇಲ್ಲ.

15 ಮಿಲಿಮೀಟರಿನ, ಮೇಲ್ಮೈ ಜಾರದ ಪ್ಲೈವುಡ್ ತಂದೆವು. ವ್ಯಾನಿನ ನೆಲಕ್ಕೆ ಹೊಸದಾಗಿ ಒಂದು ತೂತನ್ನೂ ಕೊರೆಯಲಿಲ್ಲ. ಸರಕು ಕಟ್ಟಲೆಂದು ಕಂಪನಿಯೇ ನೆಲದಲ್ಲಿ ಇಟ್ಟಿರುವ ಕೊಂಡಿಗಳ ಬೋಲ್ಟುಗಳ ಜಾಗವನ್ನೇ ಬಳಸಿ ಹಲಗೆಯನ್ನು ಕೂರಿಸಿದೆವು. ತಗಡಿಗೆ ತೂತು ಬಿದ್ದಲ್ಲಿ ತುಕ್ಕು ಹಿಡಿಯುತ್ತದೆ; ಕೆಳಗೆ ಬ್ರೇಕಿನ ಕೊಳವೆಗಳೂ ಹಾದುಹೋಗಿರುತ್ತವೆ. ಚಕ್ರಗಳ ಮೇಲಿನ ಉಬ್ಬುಗಳ ನಡುವೆ ಸಿಗುವ ಅಗಲ 142 ಸೆಂಟಿಮೀಟರ್. ಮೂರು ಸೈಕಲ್ಲಿನ ಚೌಕಟ್ಟುಗಳಿಗೆ ಅದು ಧಾರಾಳ, ಹ್ಯಾಂಡಲುಗಳಿಗೆ ಸಾಲದು. ಅದಕ್ಕಾಗಿ ನಡುವಿನ ಮಗಳ ಸೈಕಲ್ಲನ್ನು ಗೇಣುದ್ದ ಒಳಗೆ ಸರಿಸಿದೆವು. ಅದರ ಹ್ಯಾಂಡಲು ನಮ್ಮಿಬ್ಬರ ಹ್ಯಾಂಡಲುಗಳ ಹಿಂದೆ ಬಂದು ಕುಳಿತಿತು. ಹೆಂಡತಿಯ ಹೊಸ ಸೈಕಲ್ಲಿನ ಮುಂದಿನ ಚಕ್ರದ ಅಚ್ಚು ಬೇರೆ ಬಗೆಯದು, 12 ಮಿಲಿಮೀಟರ್ ದಪ್ಪದ ಕೊಳವೆಯಂಥದ್ದು. ತಂದಿದ್ದ ಹಿಡಿಕಟ್ಟು ಅದಕ್ಕೆ ಹೊಂದದೆ ಮತ್ತೆ ಅಂಗಡಿಗೆ ಹೋಗಿಬಂದೆ.

ಬೆಣೆಗಳನ್ನು ಮಾಡಿದ್ದು ಮಾವನವರು. ಬೀಚ್ ಮರದ ತುಂಡಿನ ಮೇಲೆ ಟೈರನ್ನು ಒತ್ತಿ ಪೆನ್ಸಿಲಿನಲ್ಲಿ ಅದರ ವೃತ್ತವನ್ನು ಬರೆದುಕೊಂಡು, ಗೆರೆಯ ಗುಂಟ ಕೊಯ್ದು, ಉಜ್ಜುಕಾಗದದಿಂದ ಉಜ್ಜಿದರು. ಪ್ರತಿ ಟೈರಿಗೂ ಬೇರೆಬೇರೆ. ಒಂದನ್ನು ಮುಗಿಸಿದ ಮೇಲೆ ಟೈರನ್ನು ಅದರೊಳಗೆ ಇಟ್ಟು, ಸಂದಿಗೆ ತಮ್ಮ ಬಸ್ ಟಿಕೆಟನ್ನು ತೂರಿಸಿ ನೋಡುತ್ತಿದ್ದರು. ಟಿಕೆಟ್ ಸರಾಗವಾಗಿ ಹೋದರೆ ಮತ್ತೆ ಉಜ್ಜುವುದು. ಬೆಣೆಗಳ ಹಿಂದೆ, ವ್ಯಾನಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಉಕ್ಕಿನ ಅಡ್ಡಪಟ್ಟಿ ಹಾಕಿ, ಬಿಚ್ಚಿಟ್ಟಿದ್ದ ಕಬ್ಬಿಣದ ಗೋಡೆಯ ಕೆಳಗಿನ ಅರ್ಧವನ್ನು ಕತ್ತರಿಸಿ ಅದಕ್ಕೆ ಜೋಡಿಸಿದೆವು. ಕೊನೆಗೆ ಹಗ್ಗದ ಸರದಿ: ಅಷ್ಟಾಗಿ ಹಿಗ್ಗದ ಪಾಲಿಯೆಸ್ಟರ್ ಪಟ್ಟಿ. ಅದರ ನೀಲಿ ಚೀಟಿಯ ಮೇಲೆ ಎಷ್ಟು ಡೆಕಾನ್ಯೂಟನ್ ಬಲ ತಡೆಯುತ್ತದೆ ಎಂದು ಬರೆದಿರುತ್ತದೆ. ಒಂದು ಡೆಕಾನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಭಾರ. ಪ್ರತಿ ಸೈಕಲ್ಲಿನ ಹಿಂದಿನ ಚಕ್ರ ಮೇಲೇಳದಂತೆ ಒಂದೊಂದು ಪಟ್ಟಿ. ಕಳ್ಳನಿಗೆಂದು ಇಟ್ಟಿದ್ದ ಸರಪಳಿಯೂ ಉಳಿಯಿತು; ಅದನ್ನು ಹಲಗೆಯ ಉಕ್ಕಿನ ಬಳೆಗೆ ಬೀಗ ಹಾಕಿದೆವು.

ಈ ಗಡಿಬಿಡಿಯಲ್ಲಿ ಇನ್ನೊಂದು ಪಾಠವೂ ಆಯಿತು. ಚಕ್ರ ಕಳಚಿದ ಸೈಕಲ್ಲಿನ ಬ್ರೇಕ್ ಹಿಡಿಕೆಯನ್ನು ಮಗಳು ಸುಮ್ಮನೆ ಒತ್ತಿದಳು. ಎಣ್ಣೆಯ ಒತ್ತಡದ ಡಿಸ್ಕ್ ಬ್ರೇಕು. ನಡುವೆ ಚಕ್ರದ ಡಿಸ್ಕ್ ತಟ್ಟೆಯಿಲ್ಲದ್ದರಿಂದ ಎರಡೂ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡವು, ಬಿಟ್ಟರೂ ಹಿಂದೆ ಸರಿಯಲಿಲ್ಲ. ಚಕ್ರ ಮತ್ತೆ ಹಾಕಲು ಹೋದರೆ ತಟ್ಟೆ ತೂರಲಿಲ್ಲ. ಅವುಗಳನ್ನು ಮೆಲ್ಲಗೆ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಚಕ್ರ ಕಳಚಿದ ಕೂಡಲೇ ಪ್ಯಾಡುಗಳ ನಡುವೆ ಸೇರಿಸಲೆಂದೇ ಬೆರಳುದ್ದದ ಪ್ಲಾಸ್ಟಿಕ್ ತುಂಡು ಸಿಗುತ್ತದೆ. ಹೊಸ ಸೈಕಲ್ಲಿನ ಜೊತೆಗೇ ಬಂದಿತ್ತು. ಅದು ಏನೆಂದು ತಿಳಿಯದೆ ಮೇಜಿನ ಡ್ರಾಯರಿಗೆ ಹಾಕಿದ್ದೆ.

ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಮೈದಾನಕ್ಕೆ ವ್ಯಾನನ್ನು ಒಯ್ದೆವು. ಮಾವನವರು ಪ್ರತಿ ಟೈರಿನ ಪಕ್ಕ ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಬಂದು ಪಕ್ಕದಲ್ಲಿ ಕುಳಿತರು. 30 ಕಿಲೋಮೀಟರ್ ವೇಗದಲ್ಲಿ ಮೂರು ಬಾರಿ ಪೂರ್ತಿ ಬ್ರೇಕ್ ಹಾಕಿದೆ. ಮೂರನೆಯ ಬಾರಿ ಅಡುಗೆ ಕಪಾಟಿನೊಳಗೆ ಚಮಚಗಳು ಸದ್ದು ಮಾಡಿದವು. ಹಿಂದಿನಿಂದ ಬೇರೆ ಸದ್ದಿಲ್ಲ. ಬಾಗಿಲು ತೆರೆದು ನೋಡಿದರೆ ಗೆರೆಗಳು ಎಳೆದಲ್ಲೇ ಟೈರಿಗೆ ಅಂಟಿಕೊಂಡಿದ್ದವು. ಮಾವನವರು ಬಗ್ಗಿ ಮೂರನ್ನೂ ನೋಡಿ, ಚಮಚಗಳ ಡಬ್ಬಕ್ಕೆ ಬಟ್ಟೆ ತುರುಕಲು ಹೇಳಿದರು.

ಆಗಸ್ಟ್ ಮೊದಲ ವಾರ ಅದೇ ಎ-81ರಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟೆವು. ಈ ಬಾರಿ ಹೆಂಡತಿ ತಾಯಿಯೊಂದಿಗೆ ಮನೆಯಲ್ಲಿ ಉಳಿದು, ಮೂರನೆಯ ಸೀಟನ್ನೂ ತನ್ನ ಸೈಕಲ್ಲನ್ನೂ ಅಪ್ಪನಿಗೆ ಬಿಟ್ಟುಕೊಟ್ಟಳು. ವರ್ಷಾನುಗಟ್ಟಲೆ ಮನೆಯಿಂದ ಮಂಡಿಗೆ ಸೈಕಲ್ಲಿನಲ್ಲೇ ಹೋಗಿಬಂದವರು ಅವರು. ರಾಟ್‌ವೈಲ್ ದಾಟುವಾಗ ಯಾರೂ ಮಾತನಾಡಲಿಲ್ಲ. ಇಮ್ಮೆಂಡಿಂಗೆನ್ ಎಂಬ ಊರಿನಲ್ಲಿ ಇಳಿದು, ಡ್ಯಾನ್ಯೂಬ್ ನದಿಯ ದಡದ ದಾರಿಯಲ್ಲಿ ಸೈಕಲ್ ತುಳಿದೆವು. ಅಲ್ಲಿ ಬೇಸಿಗೆಯಲ್ಲಿ ನದಿಯೇ ನೆಲದೊಳಗೆ ಇಂಗಿಹೋಗುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಸುಮಾರು 12 ಕಿಲೋಮೀಟರ್ ಆಚೆ ಆಖ್ ಎಂಬ ಊರಿನ ಬುಗ್ಗೆಯಲ್ಲಿ ಮೇಲೆದ್ದು, ರೈನ್ ನದಿಯ ಪಾಲಾಗುತ್ತದೆ. ಕಪ್ಪು ಸಮುದ್ರ ಸೇರಬೇಕಾದ ನೀರು ಉತ್ತರ ಸಮುದ್ರ ಸೇರುತ್ತದೆ ಎಂದಾಗ ಮಾವನವರು ಸೈಕಲ್ ನಿಲ್ಲಿಸಿ, ಒಣಗಿದ ಪಾತ್ರಕ್ಕೆ ಇಳಿದು, ಬೆಳ್ಳಗಿನ ಕಲ್ಲುಗಳ ನಡುವೆ ಬಹಳ ದೂರ ನಡೆದು ಬಂದರು. ಮಗಳು ಅವರ ಹಿಂದೆಯೇ ಓಡಿದಳು.

ಸಂಜೆ ವ್ಯಾನಿನ ಹಿಂಬಾಗಿಲು ತೆರೆದು, ಟೈರುಗಳ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿದೆವು. ಒದ್ದೆ ಮಣ್ಣು ಹಾಸಿಗೆಯ ಕೆಳಗೆ ಹೋದರೆ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ತೇವ ಹಿಡಿಯುತ್ತದೆ. ಮಾವನವರ ಸೈಕಲ್ಲು ಮೊದಲು ಹೋಯಿತು, ಆಮೇಲೆ ನನ್ನದು. ಮಗಳು ತನ್ನ ಸೈಕಲ್ಲಿನ ಮುಂದಿನ ಚಕ್ರವನ್ನು ತಾನೇ ಕಳಚಿ ಗೋಡೆಗೆ ಒರಗಿಸಿ, ಜೇಬಿನಿಂದ ಹಳದಿ ಪ್ಲಾಸ್ಟಿಕ್ ತುಂಡನ್ನು ತೆಗೆದು ಬ್ರೇಕಿನ ಪ್ಯಾಡುಗಳ ನಡುವೆ ಸೇರಿಸಿದಳು. ಆಮೇಲೆ ಅಜ್ಜನ ಕಡೆಗೆ ತಿರುಗಿ, ಬಸ್ ಟಿಕೆಟ್ ಇದೆಯೇ ಎಂದು ಕೇಳಿದಳು.