ಮಗಳನ್ನು ಪತ್ರಿಕೋದ್ಯಮಕ್ಕೆ ಊರಿನ ಕಾಲೇಜಿಗೇ ಸೇರಿಸೋದಾ?

ಪಿಯುಸಿ ಫಲಿತಾಂಶ ಬಂತು ಅಂದರೆ ಯಾರಾದರೂ ಒಬ್ಬರು ಫೋನ್ ಮಾಡಿ ಕೇಳುತ್ತಾರೆ: "ಮಗಳು ಪತ್ರಿಕೋದ್ಯಮ ಓದ್ತೀನಿ ಅಂತ ಹಟ ಹಿಡಿದಿದ್ದಾಳೆ. ನಮ್ಮೂರ ಕಾಲೇಜಲ್ಲಿ ಏನು ಕಲೀತಾಳೆ? ಬೆಂಗಳೂರಿಗೆ ಕಳಿಸೋದೇ ಒಳ್ಳೇದು ಅಲ್ವಾ?" ನಾನು ಓದಿದ್ದು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ. ಬಿ.ಎ.ಗೆ ಊರಲ್ಲೇ ಸೇರಿಸಿ ಅಂತ ನಾನು ಹೇಳುತ್ತೇನೆ.

ನಮ್ಮ ವರ್ಷ ಪತ್ರಿಕೋದ್ಯಮ ತಗೊಂಡವರು ಹನ್ನೊಂದು ಜನ. ಮೇಷ್ಟ್ರು ಒಬ್ಬರೇ. ಸ್ಟುಡಿಯೋ ಇರಲಿಲ್ಲ, ಒಳ್ಳೆ ಕ್ಯಾಮೆರಾ ಇರಲಿಲ್ಲ. ಕಲಿಯೋಕೆ ಅಂತ ವಿದ್ಯಾರ್ಥಿಗಳೇ ತರುವ ನಾಲ್ಕು ಪುಟದ ಪ್ರಯೋಗ ಪತ್ರಿಕೆ ಮಾತ್ರ ತಪ್ಪದೆ ಬರುತ್ತಿತ್ತು. ಸುದ್ದಿ ತಂದವರೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಬೇಕು, ಕರಡು ತಿದ್ದಬೇಕು, ಪುಟ ಕಟ್ಟಬೇಕು, ಸಂತೆಯಲ್ಲಿ ನಿಂತು ಹಂಚಬೇಕು.

ಒಮ್ಮೆ ಸಂತೆ ಮೈದಾನದ ನಲ್ಲಿ ಬಗ್ಗೆ ಬರೆದೆ. "ಮೂರು ತಿಂಗಳಿಂದ ನೀರಿಲ್ಲ" ಅಂತ ತಲೆಬರಹ. ಮುಂದಿನ ವಾರ ಸೊಪ್ಪು ಮಾರುವ ಅಜ್ಜಿ ನನ್ನನ್ನು ಕರೆದರು. ಮೊಮ್ಮಗನ ಕೈಲಿ ಓದಿಸಿಕೊಂಡಿದ್ದರಂತೆ. "ಮೂರು ತಿಂಗಳಲ್ಲ ಕಣಪ್ಪ, ಯುಗಾದಿಗೆ ಮುಂಚಿಂದಲೇ ಇಲ್ಲ. ದಿನಾ ಇಲ್ಲೇ ಕೂತಿರ್ತೀನಿ, ನನ್ನ ಯಾಕೆ ಕೇಳಲಿಲ್ಲ?" ಅಂದರು. ನಾನು ಕಚೇರಿಯಲ್ಲಿ ಒಬ್ಬರನ್ನು ಕೇಳಿ ಅಷ್ಟಕ್ಕೇ ಬರೆದುಬಿಟ್ಟಿದ್ದೆ. ನಾಚಿಕೆಯಾಯಿತು.

ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಬರೆಸಿದರು. 2005ರ ಕಾಯ್ದೆಯನ್ನು ನಾವು ಪರೀಕ್ಷೆಗೆ ಉರು ಹೊಡೆದಿದ್ದೆವು, ಅಷ್ಟೇ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು, ಶುಲ್ಕ 10 ರೂಪಾಯಿ. ಬೇಕಾದ್ದನ್ನು 150 ಪದದಲ್ಲಿ ಕೇಳೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಐದು ಸಲ ಹರಿದು ಬರೆದೆ. 30 ದಿನದೊಳಗೆ ಉತ್ತರ ಬಂತು. ಮೋಟಾರು ರಿಪೇರಿಗೆ ಹೋದ ತಾರೀಕು ಯುಗಾದಿಗೆ ಒಂದು ವಾರ ಮುಂಚಿನದು. ಅಜ್ಜಿಯ ಲೆಕ್ಕವೇ ಸರಿ. ತಿದ್ದುಪಡಿಯನ್ನು ಮೊದಲ ಪುಟದಲ್ಲೇ ಹಾಕಿದೆವು.

ದೊಡ್ಡ ಊರಲ್ಲಿ ಓದಿದ್ದರೆ ಆ ಅಜ್ಜಿ ನನಗೆ ಸಿಗುತ್ತಿರಲಿಲ್ಲ. ಬರೆದದ್ದನ್ನು ಓದಿದವರು ಮರುವಾರ ಎದುರಿಗೆ ಬಂದು ಕೇಳುತ್ತಾರೆ ಅನ್ನೋ ಭಯ ನನಗೆ ಇವತ್ತೂ ಇದೆ. ಅದು ಇರಲಿ ಅಂತಲೇ ನನ್ನ ಆಸೆ.

ಸಲಕರಣೆ ಇಲ್ಲ ಅಂತ ನಾವು ಗೊಣಗಿದಾಗೆಲ್ಲ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರ ವಿಷಯ ತೆಗೆಯುತ್ತಿದ್ದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಅವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಅನ್ನೋ ಹೆಸರು ಬಂತು. ಅದನ್ನು ಕೇಳಿದ ಮೇಲೆ ನಾವೂ ಪ್ರಾರ್ಥನೆ ಮುಗಿದ ಕೂಡಲೇ ಕಾಲೇಜಿನ ಮೈಕಿನಲ್ಲಿ ಐದು ನಿಮಿಷದ ವಾರ್ತೆ ಓದತೊಡಗಿದೆವು. ನನ್ನ 'ಹ'ಕಾರ ಸರಿಯಾಗಿದ್ದು ಅಲ್ಲೇ.

ಕೊರತೆಯೂ ಇತ್ತು. ಕೆಲಸಕ್ಕೆ ಸೇರಿದಾಗ ವಿಡಿಯೋ ಎಡಿಟಿಂಗ್ ಬರುತ್ತಿರಲಿಲ್ಲ, ಇಂಗ್ಲಿಷ್ ಸುದ್ದಿ ಅನುವಾದ ಮಾಡಲು ಬೆವರುತ್ತಿದ್ದೆ. ಆದ್ದರಿಂದ ರಜೆಯಲ್ಲಿ ಮಗಳನ್ನು ಜಿಲ್ಲಾ ಪತ್ರಿಕೆಗೋ ಸಮುದಾಯ ರೇಡಿಯೋಗೋ ಕಳಿಸಿ. ಎಂ.ಎ.ಗೆ ಬೇಕಾದರೆ ದೊಡ್ಡ ಊರು ಸೇರಲಿ.

ಸೇರಿಸುವ ಮುಂಚೆ ಒಂದು ಸಲ ಕಾಲೇಜಿಗೆ ಹೋಗಿ. ಕಳೆದ ವರ್ಷದ ಪ್ರಯೋಗ ಪತ್ರಿಕೆ ತೋರಿಸಿ ಅಂತ ಕೇಳಿ. ತೆಗೆದು ಕೈಗೆ ಕೊಟ್ಟರೆ ಸೇರಿಸಿ. ಇಲ್ಲ ಅಂದರೆ ಪಕ್ಕದ ತಾಲ್ಲೂಕಲ್ಲೂ ವಿಚಾರಿಸಿ.